ಹನ್ನೆರಡೂವರೆ ಮೀಟರು

ಹೆಬ್ಬೆರಳು ಒತ್ತಿಯಾಗಿತ್ತು. ಆದರೂ ಅವನು ಕೈಯಲ್ಲಿದ್ದ ಸ್ಟಾಪ್‌ವಾಚಿನ ಕಡೆ ನೋಡಲಿಲ್ಲ. ಗೆರೆ ದಾಟಿದ ಹುಡುಗಿ ಇನ್ನೂ ಹತ್ತು ಹೆಜ್ಜೆ ಓಡಿ, ಕುಸಿಯುವವಳಂತೆ ಬಾಗಿ, ಕುಸಿಯದೆ, ಎರಡೂ ಕೈಯನ್ನು ಮೊಣಕಾಲ ಮೇಲೆ ಊರಿ ನಿಂತಿದ್ದಳು. ಒದ್ದೆ ಬನಿಯನ್ ಬೆನ್ನಿಗಂಟಿ ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಕಾಣುತ್ತಿದ್ದವು. ಗೆಳತಿಯರು ಅವಳನ್ನು ಕಡ್ಡಿ ಎಂದು ಕರೆಯುವುದು ಸುಮ್ಮನೆ ಅಲ್ಲ. ಆ ಬೆನ್ನು ಎಷ್ಟು ಬೇಗ ಏರಿಳಿಯುತ್ತಿದೆ, ಎಷ್ಟು ಹೊತ್ತಿಗೆ ಶಾಂತವಾಗುತ್ತದೆ ಎಂದು ಅವನು ಅಭ್ಯಾಸಬಲದಿಂದ ಎಣಿಸುತ್ತಿದ್ದ. ಈ ಕಾಲೇಜಿನ ಕ್ರೀಡಾ ನಿರ್ದೇಶಕನಾಗಿ ಅವನು ಇಷ್ಟು ವರ್ಷ ನೋಡಿದ್ದು ಇದನ್ನೇ, ಬೆನ್ನು, ಮೀನಖಂಡ, ಪಾದ ನೆಲಕ್ಕೆ ತಾಗುವ ರೀತಿ. ಮುಖಗಳು ಅವನಿಗೆ ಬೇಗ ಮರೆತುಹೋಗುತ್ತಿದ್ದವು. ಬೀದಿಯಲ್ಲಿ ಯಾರಾದರೂ ನಿಂತು ಸರ್ ಎಂದರೆ ಗುರುತು ಹತ್ತದೆ ತಲೆಯಾಡಿಸಿ, ಅವರು ತಿರುಗಿ ನಡೆದಾಗ, ಓ ಇವನು ಹರ್ಡಲ್ಸ್‌ನವನು, ಎಡಗಾಲು ಹೊರಕ್ಕೆ ಎಸೆಯುತ್ತಿದ್ದವನು ಎಂದು ಹೊಳೆಯುತ್ತಿತ್ತು.

"ನನ್ನದು ಎರಡು ಹತ್ತು ಸೊನ್ನೆ ಸಾರ್," ಎಂದಳು ಪಕ್ಕದಲ್ಲಿ ಇನ್ನೊಂದು ವಾಚು ಹಿಡಿದಿದ್ದ ಸಹಾಯಕಿ. ಇನ್ನು ಮೂರು ವಾರಕ್ಕೆ ಅವನು ನಿವೃತ್ತನಾದರೆ ಅವನ ಕುರ್ಚಿಯಲ್ಲಿ ಕೂರುವವಳು ಅವಳೇ. "ನಿಮ್ಮದು?"

ಆಗ ನೋಡಿದ. ಎರಡು ನಿಮಿಷ ಹತ್ತು ಸೆಕೆಂಡು, ಅದರ ಮೇಲೆ ಒಂದು ದಶಾಂಶ. ಎರಡು ವಾಚು ಇದ್ದಾಗ ನಿಧಾನದ್ದೇ ಲೆಕ್ಕಕ್ಕೆ.

"ಹತ್ತು ಪಾಯಿಂಟ್ ಒಂದು," ಎಂದ.

"ಬಂತಾ ಮೇಡಂ?" ಹುಡುಗಿ ಬಾಗಿದಲ್ಲಿಂದಲೇ ಕೇಳಿದಳು.

"ಇಲ್ಲ ಕಣೆ. ಹತ್ತು ಒಂದು. ಮುಕ್ಕಾಲು ಸೆಕೆಂಡೂ ಇಲ್ಲ, ಇಷ್ಟೇ ಇಷ್ಟು."

"ಒಂದು ಸೀನು ಸೀನೋಷ್ಟು ಹೊತ್ತು ಮೇಡಂ ಅದು!" ಎಂದು ಹುಡುಗಿ ನೆಲಕ್ಕೆ ಉಗುಳಿ, ಉಗುಳಿದ್ದಕ್ಕೆ ತಾನೇ ನಾಚಿ, ಬೂಟಿನಿಂದ ಮಣ್ಣು ಎಳೆದು ಮುಚ್ಚಿದಳು. ಆಮೇಲೆ ಅವನ ಕಡೆ ತಿರುಗಿ, "ಸಂಜೆ ಇನ್ನೊಂದು ಸಲ ಓಡಲಾ ಸರ್? ಪ್ಲೀಸ್," ಎಂದಳು.

"ಮೂರು ಅವಕಾಶ ಮುಗೀತು. ಐದು ಗಂಟೆಗೆ ಆಯ್ಕೆ ಪಟ್ಟಿ ಹೋಗಬೇಕು," ಎಂದ ಅವನು. ತನ್ನ ದನಿ ಎಂದಿನಂತೆಯೇ ಇದ್ದುದು ಅವನಿಗೇ ಆಶ್ಚರ್ಯವಾಯಿತು. "ಹೋಗು, ನಿಲ್ಲಬೇಡ, ನಡೀತಾ ಇರು. ಮೀನಖಂಡ ಹಿಡ್ಕೊಳ್ಳುತ್ತೆ."

ಅವಳು ನಡೆದಳು. ಇದು ಅವಳ ಕೊನೆಯ ವರ್ಷ. ಮುಕ್ತ ಆಯ್ಕೆಯ ಸ್ಪರ್ಧೆಗೆ ಹೋಗಿ ಅಲ್ಲಿ ಗಮನ ಸೆಳೆದರೆ ತರಬೇತಿ ಶಿಬಿರ, ವಸತಿ, ಮುಂದೊಂದು ಉದ್ಯೋಗ. ಇಲ್ಲದಿದ್ದರೆ ಅಣ್ಣನ ಝೆರಾಕ್ಸ್ ಅಂಗಡಿ. ಅಣ್ಣ ಆಗಲೇ ಇನ್ನೊಂದು ಯಂತ್ರಕ್ಕೆ ಮುಂಗಡ ಕೊಟ್ಟು, ಇದರ ಮುಂದೆ ನೀನು ನಿಲ್ಲು ಎಂದಿದ್ದಾನಂತೆ. ಅದನ್ನು ಅವಳು ಯಾರದೋ ಕತೆ ಹೇಳುವವಳ ಹಾಗೆ ನಗುತ್ತ ಹೇಳಿದ್ದಳು. ಆಯ್ಕೆಗೆ ಹೋಗಲು ಎಂಟುನೂರು ಮೀಟರಿಗೆ ಎರಡು ಒಂಬತ್ತು ನಾಲ್ಕು ಎಂಬ ಕಾಲೇಜಿನ ದಾಖಲೆಯನ್ನು ಅವಳು ಮುರಿಯಬೇಕಿತ್ತು. ಮುರಿದಿದ್ದಳು ಕೂಡ. ಒಂದು ಸೆಕೆಂಡಿಗಿಂತ ಹೆಚ್ಚೇ. ಇದು ಗೊತ್ತಿದ್ದದ್ದು ಈ ಇಡೀ ಮೈದಾನದಲ್ಲಿ ಅವನೊಬ್ಬನಿಗೆ, ಮತ್ತು ಅವನು ಅದನ್ನು ಬಾಯೊಳಗಿನ ಹುಣ್ಣಿನ ಹಾಗೆ ನಾಲಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತ ತನ್ನ ಕೋಣೆಯ ಕಡೆ ನಡೆದ.

ಇಪ್ಪತ್ತೆರಡು ವರ್ಷದ ಹಿಂದೆ ಕಾಲೇಜಿನಲ್ಲಿ ಇದ್ದದ್ದು ಒಂದೇ ಉಕ್ಕಿನ ಟೇಪು, ಅದರ ಮೊದಲ ಮೀಟರು ಮುರಿದುಹೋಗಿತ್ತು. ಸೊನ್ನೆ ಇಲ್ಲ, ಒಂದರಿಂದ ಶುರು. ಮೈದಾನದಲ್ಲಿ ಸಿಮೆಂಟಿನಲ್ಲಿ ಹೂತ ಎರಡು ಕಬ್ಬಿಣದ ಗೂಟ, ಪ್ರತಿ ತಿರುವಿಗೂ ಒಂದೊಂದು ಕೇಂದ್ರ. ಗೂಟಕ್ಕೆ ಟೇಪು ಹಿಡಿದು, ಮೂವತ್ತಾರೂವರೆ ಮೀಟರು ದೂರದಲ್ಲಿ ಕಮಾನಿನಂತೆ ಸುತ್ತುತ್ತ ಗುರುತು ಹಾಕಿದರೆ ಹಿಂದೆಯೇ ಸುಣ್ಣದ ಗೆರೆ ಬರುತ್ತಿತ್ತು. ಒಂದರಿಂದ ಶುರುವಾಗುವ ಟೇಪಾದ್ದರಿಂದ ಓದಬೇಕಾದ ಅಂಕೆ ಮೂವತ್ತೇಳೂವರೆ. ಮರೆಯಬಾರದೆಂದು ಅವನೇ ಒಂದು ಪದ್ಧತಿ ಮಾಡಿದ್ದ. ಗೂಟದ ಬಳಿ ಕುಳಿತ ಮೈದಾನದ ಆಳು "ಒಂದು ಹಿಡಿದೇ..." ಎಂದು ಕೂಗಬೇಕು. ಇತ್ತ ತುದಿಯಿಂದ ಅವನು "ಒಂದು ಕೂಡಿಸಿದೇ..." ಎಂದು ಕೂಗಬೇಕು. ಹುಡುಗರು ಅದನ್ನು ಅಣಕಿಸಿ ಕ್ಯಾಂಟೀನಿನಲ್ಲಿ ಟೀ ಹೇಳುವಾಗಲೂ ಹಾಗೇ ಕೂಗುತ್ತಿದ್ದರು. ಆ ವರ್ಷ ಅವನಿನ್ನೂ ತಾತ್ಕಾಲಿಕ, ಮೂರನೆಯ ಸಲ ಅವಧಿ ವಿಸ್ತರಿಸಿದ್ದರು. ಗೆರೆ ಹಾಕುವ ದಿನ ವಿಶ್ವವಿದ್ಯಾಲಯದ ಸಮಿತಿಯವರೊಬ್ಬರು, ಸೂಟು ತೊಟ್ಟವರು, ಅವನ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ನಿಮ್ಮ ಯೋಜನೆಗಳೇನು ಎಂದು ಕೇಳುತ್ತಿದ್ದರು. ಅವನು ಯೋಜನೆ ಹೇಳುತ್ತಿದ್ದ. ಐದು ವರ್ಷದಲ್ಲಿ ಹೀಗೆ, ಹತ್ತು ವರ್ಷದಲ್ಲಿ ಹಾಗೆ. ಕೈ ಟೇಪನ್ನು ಎಳೆದು ಹಿಡಿದಿತ್ತು, ಕಣ್ಣು ಮೂವತ್ತಾರೂವರೆಯನ್ನು ನೋಡಿತ್ತು, ಆ ಅಂಕೆ ಎಷ್ಟು ಪರಿಚಿತ, ಎಷ್ಟು ಸರಿ. ಮಾರನೆಯ ದಿನ ಮೊದಲನೆಯವಳು ಎಂಟುನೂರು ಮೀಟರು ಓಡಿದಳು. (ಅವಳನ್ನು ಅವನು ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದ, ಮೊದಲನೆಯವಳು.) ಎರಡು ಒಂಬತ್ತು ನಾಲ್ಕು. ಜನ ಅವಳನ್ನು ಬಿಟ್ಟು ಅವನನ್ನು ಎತ್ತಿದರು. ಸೂಟಿನವರು ಕೈಕುಲುಕಿದಾಗ ಅವರ ಉಂಗುರ ಬೆರಳಿಗೆ ಒತ್ತಿ ನೋವಾಗಿತ್ತು.

ಭಾನುವಾರ ಮರೆತ ಸೀಟಿಗಾಗಿ ಮೈದಾನಕ್ಕೆ ಬಂದ. ಯಾರೂ ಇರಲಿಲ್ಲ. ಎರಡನೆಯ ತಿರುವಿನ ಬಳಿ ಗೆರೆಗೂ ಮೋರಿಗೂ ನಡುವೆ ಪ್ರತಿವರ್ಷ ಎರಡು ಹೆಜ್ಜೆ ಜಾಗ ಇರುತ್ತಿತ್ತು. ಅಂದು ಮೂರು ಹೆಜ್ಜೆ ಹಾಕಿದ. ಹಿಂದೆ ಹೋಗಿ ಮತ್ತೆ ಹಾಕಿದ. ಮೂರು. ಸಾಮಾನು ಕೊಠಡಿಗೆ ಹೋಗಿ ಟೇಪು ತಂದ. ಅಳೆದು ನೋಡಿದ ಮೇಲೆ ಸೀಟಿಯನ್ನು ಹುಡುಕದೆ ಮನೆಗೆ ಹೋದ. ತ್ರಿಜ್ಯದಲ್ಲಿ ಒಂದು ಮೀಟರು ಕಡಿಮೆಯಾದರೆ ಒಂದು ಸುತ್ತಿಗೆ ಆರೂಕಾಲು, ಎರಡು ಸುತ್ತಿಗೆ ಹನ್ನೆರಡೂವರೆ. ಹನ್ನೆರಡೂವರೆ ಮೀಟರು ಓಡಲು ಅವಳಿಗೆ ಎರಡು ಸೆಕೆಂಡು ಬೇಕು, ಅಂದರೆ ನಿಜವಾದದ್ದು ಎರಡು ಹನ್ನೊಂದು ನಾಲ್ಕು. ಹೆಂಡತಿಯ ಎದುರು ಕುಳಿತು ಊಟ ಮಾಡುತ್ತಲೇ ಇಷ್ಟನ್ನೂ ಲೆಕ್ಕ ಹಾಕಿದ. "ಏನ್ರೀ, ಬೆರಳಲ್ಲಿ ತಟ್ಟೆ ಮೇಲೆ ಏನು ಬರೀತಿದೀರಿ?" ಎಂದಳು ಅವಳು. ಸೋಮವಾರ ಬೆಳಿಗ್ಗೆ ದಾಖಲೆಯ ಪ್ರಮಾಣಪತ್ರ ಮೇಜಿನ ಮೇಲೆ ಕಾಯುತ್ತಿತ್ತು. 'ಪಥದ ಅಳತೆಯನ್ನು ಖುದ್ದಾಗಿ ಪರಿಶೀಲಿಸಿದ್ದೇನೆ' ಎಂಬ ಸಾಲಿನ ಕೆಳಗೆ ಅವನು ಸಹಿ ಹಾಕಿದ. ಅದು ಸುಳ್ಳೂ ಆಗಿರಲಿಲ್ಲ, ಖುದ್ದಾಗಿಯೇ ಪರಿಶೀಲಿಸಿದ್ದ. ಎರಡು ತಿಂಗಳಿಗೆ ಕೆಲಸ ಕಾಯಂ ಆಯಿತು.

ಕೋಣೆಯಲ್ಲಿ ನೋವಿಗೆ ಹಚ್ಚುವ ಲಿನಿಮೆಂಟಿನ, ಹಳೆ ರಬ್ಬರಿನ, ತೊಳೆಯದ ಆಟದ ಅಂಗಿಗಳ ವಾಸನೆ. ಅವನು ಮೂಗಿನಲ್ಲಿ ಹೊತ್ತು ಮನೆಗೂ ಒಯ್ಯುವ ವಾಸನೆ. ಕುರ್ಚಿಯ ಎದುರಿಗೇ ದಾಖಲೆಗಳ ಫಲಕ. ಆ ದಿನದ ಗಿಡ್ಡ ಪಥದಲ್ಲಿ ನಾನೂರು, ಸಾವಿರದ ಐನೂರು, ಐದು ಸಾವಿರ, ಎಲ್ಲದರಲ್ಲೂ ಹೊಸ ದಾಖಲೆಗಳಾಗಿದ್ದವು. ಅವು ವರ್ಷ ಕಳೆದಂತೆ ಒಂದೊಂದಾಗಿ ಮುರಿದುಹೋದವು. ಪೇಂಟರು ಬಂದು ಹಳೆಯದನ್ನು ಅಳಿಸಿ ಹೊಸ ಅಂಕೆ ಬರೆದಾಗಲೆಲ್ಲ ಅವನಿಗೆ ಹಲ್ಲುನೋವು ಹೋದಂತಾಗುತ್ತಿತ್ತು. ಇದೊಂದು ಮಾತ್ರ ಉಳಿದುಕೊಂಡಿತು, ಯಾಕೆಂದರೆ ಮೊದಲನೆಯವಳು ನಿಜವಾಗಿಯೂ ಓಡಬಲ್ಲವಳಾಗಿದ್ದಳು. ಒಂಬತ್ತು ವರ್ಷದ ಹಿಂದೆ, ದಾಖಲೆ ಮುರಿದವರನ್ನು ಮಾತ್ರ ಆಯ್ಕೆಗೆ ಕಳುಹಿಸಬೇಕು ಎಂಬ ನಿಯಮವನ್ನು ಅವನೇ ಸಭೆಯಲ್ಲಿ ಮಂಡಿಸಿದ. ಗುಣಮಟ್ಟ, ಶಿಸ್ತು, ನಾಯಕತ್ವ ಎಂದು ಮಾತಾಡಿದ, ಚಪ್ಪಾಳೆ ಬಿತ್ತು. ಯಾರಾದರೊಬ್ಬಳು ಆ ಅಂಕೆಯನ್ನು ಮುರಿದು ತನ್ನನ್ನು ಬಿಡಿಸಲಿ ಎಂಬ ಆಸೆ ಆ ಭಾಷಣದ ಅಡಿಯಲ್ಲಿ ಕೂತಿದ್ದು ಚಪ್ಪಾಳೆ ತಟ್ಟಿದವರಿಗೆ ಹೇಗೆ ಗೊತ್ತಾಗಬೇಕು. ಯಾರೂ ಮುರಿಯಲಿಲ್ಲ. ಮೂವರು ಹತ್ತಿರ ಬಂದರು, ಹತ್ತು ಎಂಟು, ಹನ್ನೊಂದು ಸೊನ್ನೆ, ಹೋದ ವರ್ಷ ಹತ್ತು ಆರು. ಮೂವರೂ ನಿಜವಾದ ದಾಖಲೆಯನ್ನು ದಾಟಿದ್ದವರು, ಮೂವರೂ ಮನೆಗೆ ಹೋದರು. ಇವತ್ತಿನದನ್ನು ಸೇರಿಸಿದರೆ ನಾಲ್ಕು ಬೆನ್ನುಗಳು.

ಮೊದಲನೆಯವಳೂ ಮನೆಗೆ ಹೋದವಳೇ. ಶಿಬಿರದಲ್ಲಿ ಅವಳು ಎರಡು ಹದಿಮೂರು ಓಡಿದಳು, ಎರಡು ಹನ್ನೆರಡೂವರೆ ಓಡಿದಳು. ಅಲ್ಲಿಯ ಕೋಚು, ಹುಡುಗಿಗೆ ಕಾಲಿದೆ, ಮನಸ್ಸಿಲ್ಲ ಎಂದು ಪತ್ರ ಬರೆದ. ಇವನು ರೈಲಿನಲ್ಲಿ ಹೋಗಿ, ಅವಳ ಹಾಸ್ಟೆಲಿನ ಉದ್ದ ಓಣಿಯಲ್ಲಿ, ಇನ್ನಿಬ್ಬರು ಹುಡುಗಿಯರು ಬಕೆಟು ಹಿಡಿದು ನಿಂತಿದ್ದಾಗ, "ಅಲ್ಲಿ ಒಂಬತ್ತು ಓಡಿದ ಕಾಲು ಇಲ್ಲಿ ಯಾಕೆ ಓಡಲ್ಲ? ತಿಂದು ತಿಂದು ಮೈ ಬಂತಾ?" ಎಂದು ಕೂಗಿದ್ದ. ಕೂಗದೇ ಇದ್ದರೆ ಬೇರೆ ಯಾರಾದರೂ ಆ ಪ್ರಶ್ನೆಯನ್ನು ಅವನ ಕಡೆ ತಿರುಗಿಸುತ್ತಿದ್ದರು. ಅವಳು ತಲೆ ತಗ್ಗಿಸಿ ತನ್ನ ಪಾದಗಳನ್ನೇ ನೋಡಿದಳು, ಬೇರೆ ಯಾರದೋ ಪಾದ ನೋಡುವಂತೆ. ಆಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಯಾರೂ ಹೇಳದಿದ್ದರೂ ಮಧ್ಯಾಹ್ನ ಒಮ್ಮೆ ಓಡಿ ಓಡಿ, ನಾಲ್ಕು ತಿಂಗಳಿಗೆ ಮೊಣಕಾಲ ಕೆಳಗಿನ ಮೂಳೆ ಬಿರುಕುಬಿಟ್ಟಿತು. ಹೋದ ವರ್ಷ ಗಂಡ, ಮಗನ ಜೊತೆ ಈ ಕೋಣೆಗೆ ಬಂದಿದ್ದಳು. ಯಾವುದೋ ಔಷಧದ ಗೋದಾಮಿನಲ್ಲಿ ಕೆಲಸವಂತೆ. ತಿರುಗುವಾಗ ಮಾತ್ರ ಬಲಗಾಲು ಒಂದು ಕ್ಷಣ ಹಿಂದುಳಿಯುತ್ತಿತ್ತು, ಅದನ್ನು ಅವನು ಅವಳ ಮುಖಕ್ಕಿಂತ ಮೊದಲು ಗುರುತಿಸಿದ. ಫಲಕದ ಕೆಳಗೆ ಮಗನನ್ನು ನಿಲ್ಲಿಸಿ ಫೋಟೊ ತೆಗೆಸಿಕೊಂಡಳು. "ಆ ದಿನ ನನ್ನ ಕಾಲಿಗೆ ಏನು ಬಂದಿತ್ತೋ ಸರ್," ಎಂದಳು ನಗುತ್ತ, "ಆಮೇಲೆ ಎಷ್ಟು ಕರೆದರೂ ಬರಲೇ ಇಲ್ಲ. ಇರಲಿ, ಒಂದು ದಿನವಾದರೂ ಬಂತಲ್ಲ." ಹುಡುಗ ಅಮ್ಮನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಈಗ ನಿಜ ಹೇಳಿದರೆ ಅವಳ ಆ ಒಂದು ದಿನವೂ ಹೋಗುತ್ತದೆ, ಹೇಳದಿರುವುದು ಅವಳ ಮೇಲಿನ ದಯೆ, ಎಂದು ಅವನು ವರ್ಷವಿಡೀ ತನಗೆ ಹೇಳಿಕೊಂಡಿದ್ದ. ಹೇಳಿಕೊಳ್ಳುವಾಗ ಆ ದಯೆ ಅವನ ಸಂಬಳ, ಬಡ್ತಿ, ಬೀಳ್ಕೊಡುಗೆ ಎಲ್ಲಕ್ಕೂ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತಿತ್ತು.

ಹನ್ನೆರಡಕ್ಕೆ ಪ್ರಾಂಶುಪಾಲರ ಕೋಣೆಗೆ ಹೋದ. ಅವನಿಗಿಂತ ಏಳು ವರ್ಷ ಚಿಕ್ಕವರು, ರಸಾಯನಶಾಸ್ತ್ರದವರು, ಎಲ್ಲರನ್ನೂ ಸಾರ್ ಎನ್ನುವವರು, ಎಲ್ಲವನ್ನೂ ತಮಾಷೆಯಲ್ಲಿ ಮುಗಿಸುವವರು. ಕಾಗದಗಳಿಗೆ ಸಹಿ ಹಾಕುತ್ತಲೇ ಕೂರಿ ಎಂದು ಕಣ್ಣಲ್ಲೇ ತೋರಿಸಿದರು.

"ಒಂದು ರಿಯಾಯಿತಿ ಬೇಕಿತ್ತು," ಎಂದ. "ಎಂಟುನೂರರ ಹುಡುಗಿ. ಸ್ವಲ್ಪದರಲ್ಲಿ ತಪ್ಪಿದೆ. ನಿಯಮ ಸಡಿಲಿಸಿ ಕಳಿಸೋಣ ಅಂತ."

ಪ್ರಾಂಶುಪಾಲರು ಪೆನ್ನು ಕೆಳಗಿಟ್ಟು ಕಣ್ಣರಳಿಸಿದರು. "ಯಾರು ಮಾತಾಡ್ತಿರೋದು? ನೀವೇನಾ ಸಾರ್?" ಎದ್ದುಹೋಗಿ ಬೀರುವಿನಿಂದ ಕಡತ ತೆಗೆದು, ಗಂಟಲು ಸರಿಮಾಡಿಕೊಂಡು, ಅವನ ದನಿಯನ್ನೇ ಅನುಕರಿಸುತ್ತ ಓದಿದರು. "'ರಿಯಾಯಿತಿ ಕ್ರೀಡೆಯ ಮೊದಲ ಶತ್ರು.' ಯಾರ ಕೈಬರಹ ಇದು? ಹೋದ ವರ್ಷ ಆ ಹೊಲಿಗೆಯವನು, ಆಗ ತಪ್ಪಿದ ಹುಡುಗಿಯ ಅಪ್ಪ, ಇದೇ ಕುರ್ಚಿಯಲ್ಲಿ ಕೂತು ಕಣ್ಣೀರು ಹಾಕಿದಾಗ ನಾನು ಕರಗಿಬಿಟ್ಟಿದ್ದೆ. ದಾಖಲೆ ಅಂದ್ರೆ ದಾಖಲೆ ಅಂತ ಎದ್ದುಹೋದವರು ಯಾರು?"

ಅವನು ಅದೇ ಕುರ್ಚಿಯಲ್ಲಿ ಕುಳಿತಿದ್ದ. ಕೈಹಿಡಿಯ ರೆಕ್ಸಿನ್ ಒಂದು ಕಡೆ ಕಿತ್ತಿತ್ತು. ಆ ಅಪ್ಪನೂ ಅದನ್ನು ಉಗುರಿನಿಂದ ಕೆರೆಯುತ್ತಿದ್ದ. ಒಂದು ಸೆಕೆಂಡು ಹೆಚ್ಚು ಕಡಿಮೆ ಸಾರ್, ನಾವು ಬಟ್ಟೆ ಕತ್ತರಿಸುವಾಗ ಅಷ್ಟು ಬಿಟ್ಟೇ ಕತ್ತರಿಸ್ತೀವಿ, ಇಲ್ಲಾಂದ್ರೆ ಮೈಗೆ ಹಿಡಿಯಲ್ಲ, ಎಂದಿದ್ದ. ಆ ಮಾತನ್ನು ಇವನು ಆಮೇಲೆ ಅಧ್ಯಾಪಕರ ಕೋಣೆಯಲ್ಲಿ ಅಭಿನಯಸಹಿತ ಹೇಳಿ ಎಲ್ಲರನ್ನೂ ನಗಿಸಿದ್ದ.

"ಆ ದಾಖಲೆಯೇ ತಪ್ಪಿರಬಹುದು," ಎಂದ. ಮಾತು ಹೊರಗೆ ಬಂದೇಬಿಟ್ಟಿತು.

"ಅಂದ್ರೆ?"

"ಅಳತೆಯಲ್ಲಿ... ಆ ಕಾಲದಲ್ಲಿ ಅಳತೆ ಎಲ್ಲ ಅಷ್ಟಕ್ಕಷ್ಟೇ."

ಪ್ರಾಂಶುಪಾಲರು ಅವನನ್ನು ಒಂದು ಗಳಿಗೆ ನೋಡಿದರು. ಆ ಗಳಿಗೆಯಲ್ಲಿ, ಏನು ತಪ್ಪು, ಎಷ್ಟು ತಪ್ಪು ಎಂದು ಅವರು ಇನ್ನೊಂದೇ ಪ್ರಶ್ನೆ ಕೇಳಿದ್ದರೆ ಅವನು ಎಲ್ಲವನ್ನೂ ಹೇಳಿಬಿಡುತ್ತಿದ್ದ, ಹೇಳಲು ಬಾಯಿಯ ಆಕಾರವೂ ಬದಲಾಗಿತ್ತು. ಅವರು ಜೋರಾಗಿ ನಕ್ಕುಬಿಟ್ಟರು. "ಬಿಡಿ ಸಾರ್! ಹೋಗೋ ಕಾಲಕ್ಕೆ ಇಷ್ಟು ವಿನಯ ಬೇಡ. ಹೊಸ ಪೆವಿಲಿಯನ್ನಿಗೆ ನಿಮ್ಮ ಹೆಸರು ಅಂತ ಸಮಿತಿ ಒಪ್ಪಿಯಾಗಿದೆ, ಯಾರಿಗೂ ಹೇಳ್ಬೇಡಿ, ಆ ದಿನ ನಿಮಗೆ ಆಶ್ಚರ್ಯ ಆಗ್ಬೇಕು." ತಾವೇ ಹೇಳಿಬಿಟ್ಟದ್ದಕ್ಕೆ ನಾಲಗೆ ಕಚ್ಚಿಕೊಂಡು ಮತ್ತೆ ನಕ್ಕರು. ಅವನೂ ನಕ್ಕ. ಆ ನಗುವೇ ಅವನನ್ನು ಮುಗಿಸಿತು. ನಕ್ಕಮೇಲೆ ಏನು ಹೇಳುವುದು? ಬಾಗಿಲ ಬಳಿ ತಲುಪಿದಾಗ ಅವನಿಗೆ ಸಂತೋಷವಾಗಿರುವುದು ಗೊತ್ತಾಯಿತು, ಪೆವಿಲಿಯನ್ನಿನ ಬಗ್ಗೆ, ನಿಜವಾದ, ಚಿಕ್ಕಮಕ್ಕಳ ಹಾಗಿನ ಸಂತೋಷ. ಅಸಹ್ಯವಾಯಿತು.

ಸಾಮಾನು ಕೊಠಡಿಯಲ್ಲಿ ಮೈದಾನದ ಆಳು ನೆಲದ ಮೇಲೆ ಕಾಲು ಚಾಚಿ ಕುಳಿತು ಹರಿದ ಬಲೆಗೆ ಗಂಟು ಹಾಕುತ್ತಿದ್ದ. ಸುಣ್ಣ ಹಾಕುವುದೇ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಸುಣ್ಣಪ್ಪ. ಉಗುರಿನ ಸುತ್ತ ಚರ್ಮ ಸುಟ್ಟು ಬೆಳ್ಳಗಾಗಿತ್ತು.

"ಏನಯ್ಯ, ಆ ಹಳೇ ಟೇಪು ಇದೆಯಾ?"

"ಯಾವುದು ಸಾರ್, ಮೂಗಿಲ್ಲದ್ದಾ? ಅದು ಸತ್ತು ಎಷ್ಟು ಕಾಲ ಆಯ್ತು. ನೀವೇ ಬಿಸಾಕಿಸಿದ್ರಿ. ಬಟ್ಟೆ ಒಣಗಿಸೋಕೆ ಕಟ್ಕೋತೀನಿ ಕೊಡಿ ಅಂದ್ರೂ ಕೊಡ್ಲಿಲ್ಲ."

"ಯಾವಾಗ?"

"ಆ ಹುಡುಗಿ ಓಡಿದ್ಲಲ್ಲ, ಅದರ ಮುಂದಿನ ವಾರ." ಸುಣ್ಣಪ್ಪ ದಾರವನ್ನು ಹಲ್ಲಿನಿಂದ ಕಡಿದ.

ಅವನು ಪೇರಿಸಿಟ್ಟ ಹರ್ಡಲ್ಸ್ ಚೌಕಟ್ಟುಗಳ ಮೇಲೆ ಕುಳಿತ. ಕಿಟಕಿಯ ಸರಳಿನಿಂದ ಬಿಸಿಲು ಸುಣ್ಣದ ಚೀಲಗಳ ಮೇಲೆ ಬಿದ್ದಿತ್ತು, ಗಾಳಿಯಲ್ಲಿ ಪುಡಿ ಇಳಿಯುತ್ತಲೇ ಇತ್ತು. "ಆ ವರ್ಷ ನೀನು ಕೂಗಿದ್ದೆಯಾ? ಒಂದು ಹಿಡಿದೆ ಅಂತ?"

"ಕೂಗದೇ ಇರ್ತೀನಾ? ಕೂಗ್ದೆ. ಎರಡು ಸಲ. ಜವಾಬು ಬರ್ಲಿಲ್ಲ. ಸೂಟಿನೋರ ಜೊತೆ ಮಾತಲ್ಲಿದ್ರಿ. ಓದಿದೋರು, ಮನಸ್ಸಲ್ಲೇ ಕೂಡಿಸ್ಕೊಂಡಿರ್ತಾರೆ ಅಂದ್ಕೊಂಡೆ."

"ಆಮೇಲೆ?"

"ಆಮೇಲೇನು. ಸೋಮವಾರ ಎಲ್ಲಾ ಅಳಿಸಿ ಹೊಸದಾಗಿ ಹಾಕು ಅಂದ್ರಿ. ಹೊಸ ಗೆರೆ ಹಳೇದರಿಂದ ಇಷ್ಟು ಆಚೆ ಬಿತ್ತು." ಎರಡು ಕೈ ಅಗಲಿಸಿ ತೋರಿಸಿದ. "ನನಗೆ ಲೆಕ್ಕ ಬರಲ್ಲ ಸಾರ್, ಕಣ್ಣು ಕಾಣುತ್ತೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಯಾರಿಗೆ ಹೇಳೋದು?" ಸುಣ್ಣಪ್ಪನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ನಿಮಗೆ ಗೊತ್ತಿತ್ತಲ್ಲ." ಆಮೇಲೆ, ನೊಂದವನನ್ನು ಸಮಾಧಾನ ಮಾಡುವ ದನಿಯಲ್ಲಿ, "ಇನ್ನು ಮೂರು ವಾರ ಅಲ್ವಾ ಸಾರ್. ಹಾಂಗೂ ಹಿಂಗೂ ಕಳೆದುಹೋಗುತ್ತೆ," ಎಂದು ಬಲೆಯನ್ನು ಇನ್ನೊಂದು ಮಗ್ಗುಲಿಗೆ ಎಳೆದುಕೊಂಡ.

ಅಂದರೆ ಇಪ್ಪತ್ತೆರಡು ವರ್ಷ ಪ್ರತಿ ಕ್ರೀಡಾಕೂಟದ ಮುನ್ನಾ ದಿನ, ತಾನು ಈ ಕಡೆ, ಸುಣ್ಣಪ್ಪ ಆ ಕಡೆ, ನಡುವೆ ಟೇಪು ಹಿಡಿದು ನಿಂತಾಗಲೆಲ್ಲ ಇಬ್ಬರಿಗೂ ಗೊತ್ತಿತ್ತು. ತಾನು ಒಬ್ಬನೇ ಹೊತ್ತಿದ್ದೇನೆ ಎಂದುಕೊಂಡು ಸುಸ್ತಾಗಿದ್ದ, ಆ ಸುಸ್ತಿನಲ್ಲಿ ಒಂದು ಬಗೆಯ ಗೌರವವನ್ನೂ ಕಂಡುಕೊಂಡಿದ್ದ. ಈಗ ಅದೂ ಇಲ್ಲ. ಕೋಣೆಗೆ ಬಂದು ಊಟದ ಡಬ್ಬಿ ಬಿಚ್ಚಿದ, ಮುಚ್ಚಿದ. ಹೆಂಡತಿ ಫೋನು ಮಾಡಿ, "ಮಾತ್ರೆ ತಗೊಂಡ್ರಾ? ಸುಳ್ಳು ಹೇಳ್ಬೇಡಿ, ಡಬ್ಬಿಯಲ್ಲೇ ಇಟ್ಟಿದೀನಿ, ಸಾಯಂಕಾಲ ನೋಡ್ತೀನಿ," ಎಂದಳು. ತೆಗೆದುಕೊಂಡೆ ಎಂದು ಹೇಳಿ, ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ. ಯಾಕೆ ಹಾಗೆ ಮಾಡಿದೆ ಎಂದು ಅವನಿಗೇ ತಿಳಿಯಲಿಲ್ಲ. ನುಂಗುವುದು ಅಷ್ಟೇ ಸುಲಭವಿತ್ತು. ಮೇಜಿನ ಮೇಲೆ ಪಟ್ಟಿಯ ನಮೂನೆ. ಪಕ್ಕದಲ್ಲಿ ಸಹಾಯಕಿ ಪೆನ್ಸಿಲಿನಲ್ಲಿ ಬರೆದುಕೊಟ್ಟ ಚೀಟಿ, ಅವನ ಚೀಟಿ. ಪೆನ್ಸಿಲಿನದನ್ನು ನೋಡುತ್ತ ನೋಡುತ್ತ ಅವನಿಗೆ ಒಂದು ದಾರಿ ಕಂಡಿತು. ಎಷ್ಟು ಸರಳ. ಯಾರ ದಿನವನ್ನೂ ಕಸಿಯಬೇಕಾಗಿಲ್ಲ, ಯಾವ ಪೆವಿಲಿಯನ್ನೂ ಬೀಳಬೇಕಾಗಿಲ್ಲ. ಗೂಟದಿಂದ ಕಳೆದದ್ದನ್ನು ಗಡಿಯಾರದಿಂದ ಕಳೆದರಾಯಿತು. ಒಂದು ತಪ್ಪಿಗೆ ಇನ್ನೊಂದು ತಪ್ಪನ್ನು ಜೋಡಿಸಿದರೆ ಹುಡುಗಿಗೆ ಸಲ್ಲಬೇಕಾದ್ದು ಸಲ್ಲುತ್ತದೆ. ಬೆಳಗಿನಿಂದ ಮೊದಲ ಸಲ ಹಸಿವಾಯಿತು. ಜವಾನನ ಕೈಯಲ್ಲಿ ಹುಡುಗಿಗೆ ಹೇಳಿಕಳಿಸಿ, ಡಬ್ಬಿಯನ್ನು ಮತ್ತೆ ಬಿಚ್ಚಿ, ತಣ್ಣಗಾದದ್ದನ್ನು ಪೂರ್ತಿ ತಿಂದ.

ನಾಲ್ಕಕ್ಕೆ ಬಂದಳು. ಸ್ನಾನ ಮಾಡಿದ್ದಳು, ಒದ್ದೆ ಕೂದಲು, ಬೆನ್ನಿಗೆ ಚೀಲ. ಓಟದ ಬಟ್ಟೆಯಲ್ಲಿ ಅಲ್ಲದೆ ಬೇರೆ ಬಟ್ಟೆಯಲ್ಲಿ ಅವಳನ್ನು ಅವನು ನೋಡಿದ್ದು ಕಡಿಮೆ, ಯಾರೋ ಅನಿಸಿತು. ಓಣಿಯಲ್ಲಿ ವಾಲಿಬಾಲ್ ಹುಡುಗರು ಚೆಂಡು ಪುಟಿಸುತ್ತ ಗಲಾಟೆ ಮಾಡುತ್ತಿದ್ದರು. ಅವನು ಎದ್ದುಹೋಗಿ ಬಾಗಿಲು ಹಾಕಿದ. ಸದ್ದು ದೂರವಾಯಿತು. ಹುಡುಗಿ ಬಾಗಿಲನ್ನು ನೋಡಿದಳು, ಆಮೇಲೆ ಅವನನ್ನು.

"ಕೂತ್ಕೋ."

"ಪರವಾಗಿಲ್ಲ ಸರ್."

"ಕಾಲು ಹೇಗಿದೆ?" ಎಂದ. ದಿನಾ ಕೇಳುವ ಪ್ರಶ್ನೆ. ಆದರೆ ಮುಚ್ಚಿದ ಕೋಣೆಯಲ್ಲಿ ಅದು ಬೇರೆ ಥರ ಕೇಳಿಸಿತು. ಉತ್ತರ ಬರುವ ಮೊದಲೇ, "ನೋಡು, ನಾನು ಒಂಬತ್ತು ಮೂರು ಅಂತ ಬರೀತೀನಿ," ಎಂದ.

"ಯಾರದು?"

"ನಿನ್ನದು."

"ನಾನು ಓಡಿದ್ದು ಹತ್ತು ಒಂದಲ್ವಾ ಸರ್."

"ವಾಚು ಒತ್ತಿದ್ದು ನಾನು."

"ಮೇಡಂದೂ ಹತ್ತೇ ಬಂತಲ್ಲ."

"ಅವರ ಹತ್ರ ನಾನು ಮಾತಾಡ್ತೀನಿ. ನೀನು ಮಾತ್ರ ಯಾರಿಗೂ ಹೇಳಬೇಡ. ಮನೇಲೂ ಹೇಳಬೇಡ. ಅಷ್ಟೇ."

ಹೇಳಿದ ಮೇಲೆ ಆ ಮಾತು ಕೋಣೆಯಲ್ಲಿ ನಿಂತುಕೊಂಡಿತು. ಹುಡುಗಿ ಚೀಲವನ್ನು ಬೆನ್ನಿನಿಂದ ತೆಗೆದು ಎದೆಗೆ ಅವುಚಿ ಹಿಡಿದಳು. ಅವಳು ಹೆದರಿದಂತೆ ಕಾಣಲಿಲ್ಲ. ಓಟದ ಆರಂಭದ ಗೆರೆಯಲ್ಲಿ ಅಕ್ಕಪಕ್ಕದವರನ್ನು ಅಳೆಯುವಾಗಿನ ಮುಖ ಅದು.

"ಯಾಕೆ ಸರ್?"

"ಅದು ನಿನಗೆ ಸಲ್ಲಬೇಕಾದ್ದು."

"ಹೋದ ವರ್ಷ ಆ ಅಕ್ಕನಿಗೆ ಯಾಕೆ ಬರೀಲಿಲ್ಲ ಮತ್ತೆ? ಅವಳೂ ನನ್ನಷ್ಟೇ ಓಡಿದ್ಲು. ನನಗೆ ಯಾಕೆ?"

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಚೆಂಡು ಒಮ್ಮೆ ಬಾಗಿಲಿಗೆ ಬಡಿಯಿತು, ಹೊರಗೆ ಯಾರೋ ಯಾರನ್ನೋ ಬೈದು ನಕ್ಕರು.

"ಅದಕ್ಕೆ ನಾನೇನು ಮಾಡ್ಬೇಕು ಸರ್?" ಎಂದಳು ಹುಡುಗಿ, ಈ ಸಲ ಒಂದೊಂದೇ ಪದವನ್ನು ಬಿಡಿಸಿ.

ಅರ್ಥವಾಗಲು ಅವನಿಗೆ ಒಂದಷ್ಟು ಹೊತ್ತು ಬೇಕಾಯಿತು. ಆದಾಗ ಮುಖ, ಕಿವಿ, ಕತ್ತು, ಅಂಗಿಯೊಳಗಿನ ಎದೆ, ಎಲ್ಲ ಒಟ್ಟಿಗೇ ಬಿಸಿಯಾದವು. "ಏನೂ ಬೇಡ," ಎಂದ. "ಛೆ, ಏನೂ ಬೇಡಮ್ಮ." ಯಾವ ಹುಡುಗಿಯನ್ನೂ ಎಂದೂ ಅಮ್ಮ ಎಂದು ಕರೆದವನಲ್ಲ ಅವನು. ಆ ಅಮ್ಮ ಇನ್ನೂ ಕೆಟ್ಟದಾಗಿ ಕೇಳಿಸಿತು. ಕಾರಣ ಇಲ್ಲೇ ಇತ್ತು, ಎದುರಿನ ಫಲಕದ ಮೇಲೆ, ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಾದಷ್ಟು ಚಿಕ್ಕದು. ಆ ವಾಕ್ಯ ಬಂದರೆ ಈ ಕೋಣೆ ತೊಳೆದಂತಾಗುತ್ತದೆ, ಬಾಗಿಲು ಹಾಕಿದ್ದು, ಯಾರಿಗೂ ಹೇಳಬೇಡ ಎಂದದ್ದು, ಎಲ್ಲಕ್ಕೂ ಅರ್ಥ ಬರುತ್ತದೆ. ಹುಡುಗಿ ಕಾಯುತ್ತಿದ್ದಳು. ಹೌದು, ಅವಳು ಕಾದಳು, ಅದನ್ನು ಅವನು ಮುಂದೆ ಎಂದೂ ಅಲ್ಲಗಳೆಯಲಾರ, ಅವಳು ಅವನಿಗೆ ಸಮಯ ಕೊಟ್ಟಳು. ನಾಲಗೆ ಮೇಲಕ್ಕೆದ್ದು ಅಂಗುಳಕ್ಕೆ ತಾಗಿತು.

"ನಾನು ರಿಟೈರ್ ಆಗ್ತಿದೀನಿ," ಎಂದ.

ಹುಡುಗಿ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಅವನಿಗೆ ಬೆನ್ನು ಮಾಡದೆ, ಕೈಯನ್ನು ಹಿಂದಕ್ಕೆ ಚಾಚಿ ಚಿಲಕ ಹುಡುಕಿದಳು. ಬಾಗಿಲು ಪೂರಾ ತೆರೆದು ಗೋಡೆಗೆ ಬಡಿಯಿತು. ಓಣಿಯ ಬೆಳಕಿನಲ್ಲಿ ಚೆಂಡು ಕೈಯಲ್ಲಿ ಹಿಡಿದ ಹುಡುಗ ತಿರುಗಿ ನೋಡಿದ. ಹೊಸ್ತಿಲಿನ ಆಚೆ ಎರಡೂ ಪಾದ ಊರಿದ ಮೇಲೆಯೇ ಅವಳು ಮಾತಾಡಿದ್ದು, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ.

"ಬೇಡ ಸರ್. ನನಗೆ ಬೇಡ. ಹತ್ತು ಒಂದು ಅಂತಲೇ ಬರೀರಿ."